ಕರುಳಿನ ಕಾಣದ ಬಳಗ: ಮೆಚ್ನಿಕಾಫ್ ಅವರ ಮೊಸರಿನಿಂದ ಇಂದಿನ ಪ್ರೋಬಯಾಟಿಕ್ ಗುಳಿಗೆಯವರೆಗೆ

ಅಮೆರಿಕದ ಯಾವುದೇ ದೊಡ್ಡ ಔಷಧಿ ಅಂಗಡಿಗೆ ಹೋಗಿ ನೋಡಿ. ವಿಟಮಿನ್ ಗುಳಿಗೆಗಳ ಪಕ್ಕದಲ್ಲೇ ‘ಪ್ರೋಬಯಾಟಿಕ್’ ಡಬ್ಬಿಗಳ ಉದ್ದನೆಯ ಸಾಲು ಕಾಣುತ್ತದೆ. ಒಂದರಲ್ಲಿ ಐನೂರು ಕೋಟಿ ಜೀವಂತ ಬ್ಯಾಕ್ಟೀರಿಯಗಳಿದ್ದರೆ ಮತ್ತೊಂದರಲ್ಲಿ ಐದು ಸಾವಿರ ಕೋಟಿ. ಬೆಲೆಯೂ ಹಾಗೆಯೇ ಏರುತ್ತಾ ಹೋಗುತ್ತದೆ. ನಮ್ಮ ಸಂಘದ ಕೂಟಗಳಲ್ಲಿ ಊಟದ ಹೊತ್ತಿಗೆ ಈ ಮಾತು ಬರದೇ ಇರುವುದು ಅಪರೂಪ. ಮಗುವಿಗೆ ಕಿವಿ ನೋವೆಂದು ಆಂಟಿಬಯಾಟಿಕ್ ಕೊಟ್ಟಿದ್ದಾರೆ, ಜೊತೆಗೆ ಇದನ್ನೂ ಕೊಡಬೇಕೆ? ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೆ ಹೊಟ್ಟೆ ಸರಿಯಿಲ್ಲ, ಒಂದು ಡಬ್ಬಿ ತಂದಿಡೋಣವೆ? ದಿನವೂ ಮೊಸರನ್ನ ತಿನ್ನುವ ನಮಗೆ ಇದೆಲ್ಲ ಬೇಕೆ?

ಈ ಪ್ರಶ್ನೆಗಳಿಗೆ ಒಂದೇ ಮಾತಿನಲ್ಲಿ ‘ಹೌದು’ ಅಥವಾ ‘ಇಲ್ಲ’ ಎನ್ನಲು ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದನ್ನು ತಿಳಿಯಲು, ಈ ವಿಷಯವನ್ನು ಮೊದಲು ಜಗತ್ತಿನ ಮುಂದಿಟ್ಟ ಒಬ್ಬ ವಿಜ್ಞಾನಿಯ ಸಂಶೋಧನಾ ಜೀವನವನ್ನು ನೋಡುವುದು ಒಳ್ಳೆಯ ದಾರಿ. ಅವರ ಹೆಸರು ಇಲ್ಯಾ ಮೆಚ್ನಿಕಾಫ್. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು, ಕೊಟ್ಟ ಉತ್ತರ ಮಾತ್ರ ಅವಸರದ್ದಾಗಿತ್ತು. ನೂರ ಇಪ್ಪತ್ತು ವರ್ಷಗಳ ನಂತರ ಔಷಧಿ ಅಂಗಡಿಯ ಆ ಸಾಲಿನ ಮುಂದೆ ನಿಂತ ನಾವು ಇನ್ನೂ ಅದೇ ಪ್ರಶ್ನೆಗೂ ಅದೇ ಅವಸರಕ್ಕೂ ನಡುವೆ ಇದ್ದೇವೆ.

ನಕ್ಷತ್ರಮೀನಿನ ಮರಿಯೂ ಗುಲಾಬಿಯ ಮುಳ್ಳೂ

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನಿನಲ್ಲಿರುವ ಖಾರ್ಕಿವ್ ನಗರದ ಸಮೀಪದ ಹಳ್ಳಿಯಲ್ಲಿ. ಮೊದಲಿಗೆ ಅವರು ವೈದ್ಯರೂ ಅಲ್ಲ, ಬ್ಯಾಕ್ಟೀರಿಯ ತಜ್ಞರೂ ಅಲ್ಲ. ಸಮುದ್ರದ ಸಣ್ಣ ಪ್ರಾಣಿಗಳು ಹೇಗೆ ಬೆಳೆಯುತ್ತವೆ ಎಂದು ಅಭ್ಯಾಸ ಮಾಡುತ್ತಿದ್ದ ಪ್ರಾಣಿಶಾಸ್ತ್ರಜ್ಞರು. ಇಪ್ಪತ್ತೈದರ ಪ್ರಾಯಕ್ಕೇ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮನೆಯ ಬದುಕು ಸುಖದ್ದಾಗಿರಲಿಲ್ಲ. ಮೊದಲ ಪತ್ನಿ ಲುದ್ಮಿಲಾ ಕ್ಷಯರೋಗದಿಂದ 1873ರಲ್ಲಿ ತೀರಿಕೊಂಡರು. ಎರಡನೆಯ ಪತ್ನಿ ಓಲ್ಗಾ ಕೆಲವು ವರ್ಷಗಳ ನಂತರ ವಿಷಮಶೀತ ಜ್ವರದಿಂದ ನರಳಿ ಬದುಕುಳಿದರು. ರೋಗಾಣುಗಳು ಅವರ ಮನೆಯೊಳಗೇ ಬಂದು ಹೋಗಿದ್ದವು.

ರಾಜಕೀಯ ಗಲಭೆಗಳಿಂದ ಬೇಸತ್ತು ವಿಶ್ವವಿದ್ಯಾಲಯ ಬಿಟ್ಟ ಅವರು 1882ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣಕ್ಕೆ ಹೋದರು. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕವಾದ ಆ ಮರಿಯ ಮೈಯೊಳಗೆ ಕೆಲವು ಕೋಶಗಳು ಅತ್ತಿತ್ತ ಅಲೆಯುತ್ತಿದ್ದವು. ಈ ಕೋಶಗಳು ಹೊರಗಿನಿಂದ ನುಗ್ಗಿದ್ದನ್ನು ಎದುರಿಸುವ ಕಾವಲುಗಾರರೇ ಇರಬಹುದೆ ಎಂಬ ಯೋಚನೆ ಅವರಿಗೆ ಬಂತು. ತೋಟದಿಂದ ಗುಲಾಬಿಯ ಮುಳ್ಳು ತಂದು ಮರಿಯ ಮೈಗೆ ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಅಲೆಯುತ್ತಿದ್ದ ಕೋಶಗಳೆಲ್ಲ ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು.

ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ಅರಗಿಸುತ್ತವೆ ಎಂಬ ‘ಭಕ್ಷಕ ಕೋಶ’ಗಳ ಸಿದ್ಧಾಂತ ಹುಟ್ಟಿದ್ದು ಹೀಗೆ. ಈ ಕೆಲಸಕ್ಕೆ 1908ರಲ್ಲಿ ಪೌಲ್ ಎರ್ಲಿಖ್ ಅವರೊಂದಿಗೆ ನೊಬೆಲ್ ಬಹುಮಾನ ಬಂತು. ಮೆಚ್ನಿಕಾಫ್ ಅವರಿಗೆ ನೊಬೆಲ್ ಬಂದದ್ದು ಮೊಸರಿಗಲ್ಲ, ಮುಳ್ಳಿಗೆ. ನೊಬೆಲ್ ವಿಜ್ಞಾನಿಯೇ ಹೇಳಿದ್ದಾರೆ ಎಂದು ಮೊಸರಿನ ಜಾಹೀರಾತುಗಳಲ್ಲಿ ಓದುವಾಗ ಇದು ನೆನಪಿರಬೇಕು.

ಪ್ಯಾರಿಸ್ಸಿನಲ್ಲಿ ಕಾಲರಾ ಕುಡಿದವರು

1888ರಲ್ಲಿ ಲೂಯಿ ಪಾಶ್ಚರ್ ಅವರ ಆಹ್ವಾನದ ಮೇರೆಗೆ ಮೆಚ್ನಿಕಾಫ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. ಉಳಿದ ಜೀವಮಾನವೆಲ್ಲ ಅಲ್ಲೇ ಕಳೆಯಿತು. 1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ ಹರಡಿದಾಗ ಅವರನ್ನು ಒಂದು ಒಗಟು ಕಾಡಿತು. ಒಂದೇ ನೀರು ಕುಡಿದ ಇಬ್ಬರಲ್ಲಿ ಒಬ್ಬರಿಗೆ ಕಾಲರಾ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಏಕೆ?

ಇಂದಿನ ಯಾವ ನೀತಿ ಸಮಿತಿಯೂ ಒಪ್ಪದ ಕೆಲಸವನ್ನು ಅವರು ಮಾಡಿದರು. ಕಾಲರಾ ರೋಗಾಣುಗಳಿದ್ದ ದ್ರವವನ್ನು ತಾವೇ ಕುಡಿದರು. ಏನೂ ಆಗಲಿಲ್ಲ. ಪ್ರಯೋಗಾಲಯದ ಸ್ವಯಂಸೇವಕರೊಬ್ಬರು ಕುಡಿದರು, ಅವರಿಗೂ ಏನೂ ಆಗಲಿಲ್ಲ. ಮತ್ತೊಬ್ಬರು ಕುಡಿದಾಗ ಮಾತ್ರ ಸಾವಿನ ಅಂಚಿಗೆ ಹೋಗಿ ಬಂದರು. ನಂತರ ಗಾಜಿನ ತಟ್ಟೆಗಳಲ್ಲಿ ಕಾಲರಾ ರೋಗಾಣುವನ್ನು ಬೇರೆ ಬೇರೆ ಬ್ಯಾಕ್ಟೀರಿಯಗಳ ಜೊತೆ ಬೆಳೆಸಿ ನೋಡಿದಾಗ ಒಂದು ಸಂಗತಿ ತಿಳಿಯಿತು. ಕೆಲವು ಬ್ಯಾಕ್ಟೀರಿಯಗಳು ಕಾಲರಾಕ್ಕೆ ಆಸರೆ ಕೊಡುತ್ತವೆ, ಇನ್ನು ಕೆಲವು ಅದನ್ನು ಬೆಳೆಯಗೊಡುವುದಿಲ್ಲ. ಅಂದರೆ ರೋಗ ಬರುವುದೂ ಬಿಡುವುದೂ ನುಗ್ಗಿದ ರೋಗಾಣುವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕರುಳಿನಲ್ಲಿ ಮೊದಲೇ ಮನೆ ಮಾಡಿಕೊಂಡಿರುವವರಿಗೂ ಅದರಲ್ಲಿ ಪಾತ್ರವಿದೆ. ಕರುಳಿನ ಸೂಕ್ಷ್ಮಜೀವಿ ಬಳಗದ ಇಂದಿನ ಸಂಶೋಧನೆಗೆಲ್ಲ ಈ ವಿಚಾರವೇ ಅಡಿಗಲ್ಲು.

1904ರ ಉಪನ್ಯಾಸ

ವಯಸ್ಸಾದಂತೆ ಮೆಚ್ನಿಕಾಫ್ ಅವರ ಗಮನ ಮುಪ್ಪಿನ ಕಡೆ ಹೊರಳಿತು. ಅವರ ವಾದ ಹೀಗಿತ್ತು. ದೊಡ್ಡ ಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಗಳು ಆಹಾರದ ಶೇಷವನ್ನು ಕೊಳೆಸಿ ಫೀನಾಲ್, ಇಂಡೋಲ್ ಮುಂತಾದ ವಿಷಗಳನ್ನು ಹುಟ್ಟಿಸುತ್ತವೆ. ಅವು ರಕ್ತಕ್ಕೆ ಸೇರಿ ರಕ್ತನಾಳಗಳನ್ನು ಗಡಸಾಗಿಸುತ್ತವೆ, ಮುಪ್ಪು ಬೇಗ ಬರುತ್ತದೆ. ಆದರೆ ಹಾಲು ಹುಳಿಯಾಗಿ ಮೊಸರಾದರೆ ಕೊಳೆಯುವುದಿಲ್ಲ, ಏಕೆಂದರೆ ಲ್ಯಾಕ್ಟಿಕ್ ಆಮ್ಲ ಕೊಳೆಸುವ ಜೀವಿಗಳನ್ನು ತಡೆಯುತ್ತದೆ. ಹಾಗಾದರೆ ಮೊಸರಿನ ಬ್ಯಾಕ್ಟೀರಿಯಗಳನ್ನೇ ಕರುಳಿನಲ್ಲಿ ನೆಲೆಗೊಳಿಸಿದರೆ ಅಲ್ಲಿಯ ಕೊಳೆತವೂ ನಿಲ್ಲಬೇಕಲ್ಲವೆ? ದಿನವೂ ಹುಳಿ ಹಾಲು ಸೇವಿಸುವ ಬಲ್ಗೇರಿಯದ ರೈತರಲ್ಲಿ ಬಹಳ ಮಂದಿ ದೀರ್ಘಾಯುಷಿಗಳು ಎಂಬ ವರದಿಗಳನ್ನು ಅವರು ಇದಕ್ಕೆ ಪೂರಕವಾಗಿ ಮುಂದಿಟ್ಟರು.

1904ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪಿನ ಬಗ್ಗೆ ಅವರು ಸಾರ್ವಜನಿಕ ಉಪನ್ಯಾಸ ಕೊಟ್ಟರು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಪ್ರಕಟಿಸಿದವು. ಹುಳಿ ಹಾಲಿಗೆ ಯುರೋಪ್, ಅಮೆರಿಕಗಳಲ್ಲಿ ಇದ್ದಕ್ಕಿದ್ದಂತೆ ಬೇಡಿಕೆ ಹುಟ್ಟಿತು. ಮರು ವರ್ಷ ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತಮ್ಮ ನಾಡಿನ ಮೊಸರಿನಲ್ಲಿದ್ದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಅದೇ ಇಂದಿಗೂ ಯೋಗರ್ಟ್ ಡಬ್ಬಿಗಳ ಮೇಲೆ ಕಾಣುವ ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್. 1919ರಲ್ಲಿ ಬಾರ್ಸಿಲೋನದಲ್ಲಿ ಐಸಾಕ್ ಕರಾಸ್ಸೊ ಎಂಬವರು ಪಾಶ್ಚರ್ ಸಂಸ್ಥೆಯಿಂದ ಹೆಪ್ಪು ತರಿಸಿ, ಯೋಗರ್ಟ್ ಮಾಡಿ ಔಷಧಿ ಅಂಗಡಿಗಳ ಮೂಲಕ ಮಾರತೊಡಗಿದರು. ಆ ಉದ್ಯಮವೇ ಮುಂದೆ ಡ್ಯಾನೋನ್ ಆಯಿತು.

ಎಡವಿದ್ದೆಲ್ಲಿ?

ಮೆಚ್ನಿಕಾಫ್ ಅವರ ವಾದದಲ್ಲಿ ಮೂರು ಕಡೆ ಕೊಂಡಿ ಸಡಿಲವಾಗಿತ್ತು. ಮೊದಲನೆಯದು, ಬಲ್ಗೇರಿಯದ ಆಯುಷ್ಯದ ಲೆಕ್ಕ. ಜನನ ದಾಖಲೆಗಳು ಸರಿಯಾಗಿಲ್ಲದ ಕಡೆ ‘ನೂರು ದಾಟಿದವರು’ ಹೆಚ್ಚಾಗಿ ಕಾಣುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಎರಡನೆಯದು, ಮೊಸರು ತಿನ್ನುವವರು ಹೆಚ್ಚು ಬದುಕಿದರೂ ಅದಕ್ಕೆ ಮೊಸರೇ ಕಾರಣ ಎನ್ನುವಂತಿಲ್ಲ. ಅವರ ದುಡಿಮೆ, ಗಾಳಿ, ಉಳಿದ ಆಹಾರ ಎಲ್ಲವೂ ಬೇರೆಯೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೊಸರಿನ ಬ್ಯಾಕ್ಟೀರಿಯ ಜಠರದ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ದೊಡ್ಡ ಕರುಳಿನಲ್ಲಿ ನೆಲೆಸುತ್ತದೆ ಎಂದು ಅವರು ನಂಬಿದ್ದರು.

ಈ ಮೂರನೆಯ ನಂಬಿಕೆಯನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊ ರೆಟ್ಗರ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಬಲ್ಗೇರಿಕಸ್ ನಮ್ಮ ಕರುಳಿನಲ್ಲಿ ಮನೆ ಮಾಡುವುದಿಲ್ಲ ಎಂದು 1920ರ ಸುಮಾರಿಗೆ ತೋರಿಸಿಕೊಟ್ಟರು. ಅದು ಅತಿಥಿಯೇ ಹೊರತು ಒಕ್ಕಲಲ್ಲ. ತಮ್ಮ ಪ್ರಯೋಗಗಳಿಗೆ ಅವರು ಅಸಿಡೊಫಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯವನ್ನು ಆರಿಸಿಕೊಂಡರು.

ಮೆಚ್ನಿಕಾಫ್ ಇದನ್ನು ನೋಡಲು ಬದುಕಿರಲಿಲ್ಲ. ವರ್ಷಗಟ್ಟಲೆ ತಾವೂ ಹುಳಿ ಹಾಲು ಸೇವಿಸಿದ ಅವರು 1916ರ ಜುಲೈನಲ್ಲಿ ಹೃದಯದ ಕಾಯಿಲೆಯಿಂದ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಇಂದಿಗೂ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಒಬ್ಬರು ಎಷ್ಟು ವರ್ಷ ಬದುಕಿದರು ಎಂಬುದು ಮೊಸರಿನ ಪರವಾಗಲಿ ವಿರೋಧವಾಗಲಿ ಸಾಕ್ಷಿಯಾಗುವುದಿಲ್ಲ, ಬಿಡಿ. ಅದೇ ರೀತಿ ‘ನಮ್ಮ ಅಜ್ಜಿ ಮಜ್ಜಿಗೆ ಕುಡಿದೇ ತೊಂಬತ್ತೈದು ವರ್ಷ ಬದುಕಿದರು’ ಎಂಬುದೂ ಸಾಕ್ಷಿಯಲ್ಲ.

ಅದೇ ದಾರಿಯಲ್ಲಿ ನಡೆದವರು

ಉತ್ತರ ಬಿದ್ದುಹೋದರೂ ಪ್ರಶ್ನೆ ಉಳಿಯಿತು. ಪಾಶ್ಚರ್ ಸಂಸ್ಥೆಯಲ್ಲೇ ಆನ್ರಿ ಟಿಸ್ಸಿಯೇ ಎಂಬ ವೈದ್ಯರು ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಬ್ಯಾಕ್ಟೀರಿಯವನ್ನು 1899ರಷ್ಟು ಹಿಂದೆಯೇ ಕಂಡಿದ್ದರು. ಅದೇ ಇಂದಿನ ಬೈಫಿಡೊಬ್ಯಾಕ್ಟೀರಿಯಂ. ಅವು ಶಿಶುವಿನ ಕರುಳಿನಲ್ಲಿ ಏಕೆ ಅಷ್ಟು ತುಂಬಿಕೊಂಡಿರುತ್ತವೆ ಎಂಬುದಕ್ಕೆ ಉತ್ತರ ಬಹಳ ಕಾಲದ ನಂತರ ಸಿಕ್ಕಿತು. ತಾಯಿಯ ಹಾಲಿನಲ್ಲಿ ಮಗು ಅರಗಿಸಿಕೊಳ್ಳಲಾಗದ ಕೆಲವು ಸಕ್ಕರೆಗಳಿವೆ. ಅವು ಮಗುವಿಗಲ್ಲ, ಈ ಬ್ಯಾಕ್ಟೀರಿಯಗಳಿಗೆ ಊಟ. ತಾಯಿ ಮಗುವಿನ ಜೊತೆಗೆ ಮಗುವಿನ ಕರುಳಿನ ಬಳಗಕ್ಕೂ ಹಾಲೂಡಿಸುತ್ತಾಳೆ.

ಜರ್ಮನಿಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ, ಮೊದಲ ಮಹಾಯುದ್ಧದ ಸೈನಿಕನೊಬ್ಬನ ಕರುಳಿನಿಂದ ಒಂದು ಬ್ಯಾಕ್ಟೀರಿಯ ತೆಗೆದರು. ಸುತ್ತಲಿನವರೆಲ್ಲ ಭೇದಿಯಿಂದ ನರಳಿದಾಗ ಆ ಸೈನಿಕನಿಗೆ ಏನೂ ಆಗಿರಲಿಲ್ಲ. ಆ ತಳಿ ಇಂದಿಗೂ ಜರ್ಮನಿಯಲ್ಲಿ ಔಷಧಿಯಾಗಿ ಬಳಕೆಯಲ್ಲಿದೆ. ಜಪಾನಿನ ಮಿನೊರು ಶಿರೊಟಾ 1930ರಲ್ಲಿ ಕ್ಯೋಟೊದಲ್ಲಿ ಜಠರದ ಆಮ್ಲ ಮತ್ತು ಪಿತ್ತರಸವನ್ನು ತಾಳಿಕೊಳ್ಳುವ ತಳಿಯೊಂದನ್ನು ಆರಿಸಿ ಬೆಳೆಸಿದರು. ಐದು ವರ್ಷಗಳ ನಂತರ ಅದು ಯಾಕುಲ್ಟ್ ಎಂಬ ಪಾನೀಯವಾಗಿ ಮಾರುಕಟ್ಟೆಗೆ ಬಂತು.

ಇಲ್ಲಿ ‘ತಳಿ’ ಎಂಬ ಮಾತನ್ನು ಗಮನಿಸಬೇಕು. ಮಾವಿನಲ್ಲಿ ರಸಪುರಿ, ಬಾದಾಮಿ, ಮಲ್ಲಿಕಾ ಎಂದು ಬೇರೆ ಬೇರೆ ತಳಿಗಳಿರುವಂತೆ ಒಂದೇ ಜಾತಿಯ ಬ್ಯಾಕ್ಟೀರಿಯದಲ್ಲೂ ತಳಿಗಳಿವೆ. ನಿಸ್ಲೆ ಅವರ ಬ್ಯಾಕ್ಟೀರಿಯ ಇ. ಕೋಲೈ ಜಾತಿಯದು. ಕಲುಷಿತ ಮಾಂಸ, ಸೊಪ್ಪಿನಿಂದ ಬಂದು ಮೂತ್ರಪಿಂಡವನ್ನೇ ಕೆಡಿಸಬಲ್ಲ ರೋಗಾಣುವೂ ಅದೇ ಜಾತಿಯದು. ಜಾತಿ ಒಂದೇ, ತಳಿ ಬೇರೆ, ಗುಣ ತದ್ವಿರುದ್ಧ. ಒಂದು ತಳಿಯಿಂದ ಬಂದ ಫಲಿತಾಂಶವನ್ನು ಅದರ ನೆಂಟರಿಗೆಲ್ಲ ಅನ್ವಯಿಸುವಂತಿಲ್ಲ ಎಂದು ವಿಜ್ಞಾನಿಗಳು ಪದೇ ಪದೇ ಹೇಳುವುದು ಇದಕ್ಕೇ.

ಕರುಳಿನಲ್ಲಿ ಯಾರಿದ್ದಾರೆ, ಏನು ಮಾಡುತ್ತಾರೆ?

‘ನಮ್ಮ ದೇಹದಲ್ಲಿ ನಮ್ಮ ಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಗಳಿವೆ’ ಎಂಬ ಮಾತನ್ನು ನೀವು ಕೇಳಿರಬಹುದು. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು ಈ ಲೆಕ್ಕವನ್ನು ಹೊಸದಾಗಿ ಮಾಡಿದರು. ಅವರ ಅಂದಾಜಿನಲ್ಲಿ ಮಾನವ ಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ಹತ್ತು ಪಟ್ಟಲ್ಲ, ಹೆಚ್ಚು ಕಡಿಮೆ ಸರಿಸಮ. ಒಟ್ಟು ತೂಕ ಸುಮಾರು 200 ಗ್ರಾಂ. ಬಹುಪಾಲು ವಾಸ ದೊಡ್ಡ ಕರುಳಿನಲ್ಲಿ.

ಈ ಬಳಗ ಸುಮ್ಮನೆ ಕೂತು ತಿನ್ನುವುದಿಲ್ಲ. ನಾವು ಅರಗಿಸಲಾರದ ನಾರಿನಂಶವನ್ನು ಒಡೆದು ಬ್ಯುಟಿರೇಟ್‌ನಂತಹ ಸಣ್ಣ ಕೊಬ್ಬಿನ ಆಮ್ಲಗಳನ್ನು ತಯಾರಿಸುತ್ತದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ಕೆಲವು ವಿಟಮಿನ್‌ಗಳನ್ನು ತಯಾರಿಸುತ್ತದೆ, ರೋಗನಿರೋಧಕ ವ್ಯವಸ್ಥೆಗೆ ಸ್ವಂತದವರು ಯಾರು ಹೊರಗಿನವರು ಯಾರು ಎಂದು ಕಲಿಸುತ್ತದೆ, ಜಾಗ ಖಾಲಿ ಬಿಡದೆ ರೋಗಾಣುಗಳನ್ನು ದೂರವಿಡುತ್ತದೆ. ಮೆಚ್ನಿಕಾಫ್ ದೊಡ್ಡ ಕರುಳನ್ನು ಮನುಷ್ಯನಿಗೆ ಬೇಡವಾದ ಅಂಗ ಎಂದೇ ಭಾವಿಸಿದ್ದರು. ಆ ಮಾತಿನಲ್ಲೂ ಅವರು ಅವಸರಪಟ್ಟರು.

ಜಾಗ ಖಾಲಿಯಾದರೆ ಏನಾಗುತ್ತದೆ ಎಂಬುದಕ್ಕೆ ಆಸ್ಪತ್ರೆಗಳಲ್ಲೇ ಉದಾಹರಣೆಯಿದೆ. ಆಂಟಿಬಯಾಟಿಕ್‌ಗಳಿಂದ ಬಳಗ ಚದುರಿದಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯ ತಲೆಯೆತ್ತಿ ತೀವ್ರ ಭೇದಿ ಉಂಟುಮಾಡುತ್ತದೆ. ವಯಸ್ಸಾದವರಿಗೆ ಇದು ಪ್ರಾಣಾಪಾಯ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಈ ರೋಗ ಮತ್ತೆ ಮತ್ತೆ ಮರುಕಳಿಸಿದವರ ಕರುಳಿಗೆ ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರವವನ್ನು ಸೇರಿಸಿದರು. 16 ಮಂದಿಯಲ್ಲಿ 15 ಮಂದಿ ಗುಣವಾದರು. ಮಾಮೂಲಿ ಆಂಟಿಬಯಾಟಿಕ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು 4. ಓದಲು ಅಸಹ್ಯವೆನಿಸಬಹುದು. ಆದರೆ ಕರುಳಿನ ಬಳಗವನ್ನು ಸರಿಪಡಿಸಿದರೆ ರೋಗ ಸರಿಹೋಗುತ್ತದೆ ಎಂಬ ಮೆಚ್ನಿಕಾಫ್ ಅವರ ಮೂಲ ವಿಚಾರಕ್ಕೆ ಇಷ್ಟು ಸ್ಪಷ್ಟ ಪುರಾವೆ ಅಪರೂಪ. ಈ ಬಗೆಯ ಚಿಕಿತ್ಸೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022 ಮತ್ತು 2023ರಲ್ಲಿ ಅನುಮತಿ ಕೊಟ್ಟಿದೆ.

ಒಡಿಶಾದ ಶಿಶುಗಳು, ಅಮೆರಿಕದ ಶಿಶುಗಳು

ಇನ್ನು ಪ್ರೋಬಯಾಟಿಕ್‌ಗಳ ಮಾತು. ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ಕೊಡುವ ಜೀವಂತ ಸೂಕ್ಷ್ಮಜೀವಿಗಳು ಎಂಬುದು 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಕೊಟ್ಟ ವ್ಯಾಖ್ಯೆಯ ತಿರುಳು. ಇದರಲ್ಲಿ ಜೀವಂತವಾಗಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಪ್ರಯೋಜನ ಕೊಡಬೇಕು ಎಂಬ ಮೂರು ಷರತ್ತುಗಳಿವೆ. ಪ್ರಯೋಜನವನ್ನು ಊಹಿಸಿದರೆ ಸಾಲದು, ತೋರಿಸಬೇಕು.

ತೋರಿಸಿದ ಒಂದು ಉದಾಹರಣೆ ಭಾರತದ್ದೇ. ನವಜಾತ ಶಿಶುಗಳ ರಕ್ತಕ್ಕೆ ಸೋಂಕು ತಗಲುವುದು ನಮ್ಮ ದೇಶದಲ್ಲಿ ಶಿಶುಮರಣದ ದೊಡ್ಡ ಕಾರಣಗಳಲ್ಲಿ ಒಂದು. ಪಿನಾಕಿ ಪಾಣಿಗ್ರಾಹಿ ಅವರ ನೇತೃತ್ವದ ತಂಡ ಒಡಿಶಾದ ಹಳ್ಳಿಗಳಲ್ಲಿ ಎರಡು ಕಿಲೋ ಅಥವಾ ಹೆಚ್ಚು ತೂಕದ, ಎದೆಹಾಲು ಕುಡಿಯುವ 4,556 ಶಿಶುಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂನ ಒಂದು ನಿರ್ದಿಷ್ಟ ತಳಿಯನ್ನೂ ಅದಕ್ಕೆ ಆಹಾರವಾಗುವ ಸಕ್ಕರೆಯನ್ನೂ ಬಾಯಿಗೆ ಹಾಕಿದರು. ಇನ್ನೊಂದು ಗುಂಪಿಗೆ ಅದೇ ರೀತಿ ಕಾಣುವ, ಬ್ಯಾಕ್ಟೀರಿಯವಿಲ್ಲದ ಪುಡಿ. ಎರಡು ತಿಂಗಳ ನಂತರ ಲೆಕ್ಕ ಹಾಕಿದಾಗ ರಕ್ತದ ಸೋಂಕು ಅಥವಾ ಸಾವಿಗೆ ಗುರಿಯಾದವರು ಎರಡನೆಯ ಗುಂಪಿನಲ್ಲಿ ಶೇಕಡಾ 9, ಮೊದಲ ಗುಂಪಿನಲ್ಲಿ ಶೇಕಡಾ 5.4. ಫಲಿತಾಂಶ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರು ಶಿಶುಗಳಲ್ಲಿ ಮೂರು ನಾಲ್ಕು ಶಿಶುಗಳು ಅಪಾಯದಿಂದ ಪಾರಾದವು ಎಂದರೆ ಅದೇನು ಸಣ್ಣ ಮಾತಲ್ಲ.

ಈಗ ನಾವಿರುವ ದೇಶಕ್ಕೆ ಬರೋಣ. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ವೈದ್ಯರಿಗೆ ಒಂದು ಎಚ್ಚರಿಕೆ ಕಳಿಸಿತು. ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ, ಅವಧಿಗೆ ಮೊದಲೇ ಹುಟ್ಟಿದ ಶಿಶುವೊಂದಕ್ಕೆ ಆಸ್ಪತ್ರೆಯಲ್ಲಿ ಪ್ರೋಬಯಾಟಿಕ್ ಕೊಟ್ಟಿದ್ದರು. ಅದರಲ್ಲಿದ್ದ ಬೈಫಿಡೊಬ್ಯಾಕ್ಟೀರಿಯಂ ರಕ್ತಕ್ಕೆ ಸೇರಿ ಶಿಶು ತೀರಿಕೊಂಡಿತು. ಅಷ್ಟು ಎಳೆಯ ಶಿಶುವಿನ ಕರುಳಿನ ಗೋಡೆಯೂ ರೋಗನಿರೋಧಕ ಶಕ್ತಿಯೂ ಇನ್ನೂ ಬಲಿತಿರುವುದಿಲ್ಲ. ಅವಧಿಪೂರ್ವ ಶಿಶುಗಳಿಗೆ ಕೆಲವು ತಳಿಗಳು ಕರುಳಿನ ಭೀಕರ ರೋಗವೊಂದನ್ನು ತಡೆಯುತ್ತವೆ ಎಂಬ ಅಧ್ಯಯನಗಳೂ ಇರುವುದರಿಂದ ಶಿಶುವೈದ್ಯರಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ನಮಗೆ ಬೇಕಾದ ತಾತ್ಪರ್ಯ ಇಷ್ಟು: ಒಂದು ಕಡೆ ಪ್ರಾಣ ಉಳಿಸಿದ ವಸ್ತುವಿನ ಹತ್ತಿರದ ಬಂಧು ಇನ್ನೊಂದು ಕಡೆ ಪ್ರಾಣ ತೆಗೆಯಬಲ್ಲದು. ವ್ಯತ್ಯಾಸ ಇರುವುದು ತಳಿಯಲ್ಲಿ ಮತ್ತು ತೆಗೆದುಕೊಳ್ಳುವವರ ಸ್ಥಿತಿಯಲ್ಲಿ.

ಪ್ರಯೋಜನವಿಲ್ಲ ಎಂದು ತಿಳಿದ ಉದಾಹರಣೆಗಳೂ ಇವೆ. ವಾಂತಿ ಭೇದಿಯಾದ ಮಕ್ಕಳಿಗೆ ಪ್ರೋಬಯಾಟಿಕ್ ಕೊಡುವುದು ಬಹಳ ಕಡೆ ರೂಢಿಯಾಗಿತ್ತು. 2018ರಲ್ಲಿ ಅಮೆರಿಕದ 971 ಮಕ್ಕಳ ಮೇಲೆ, ಕೆನಡಾದ 886 ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಪ್ರೋಬಯಾಟಿಕ್ ಪಡೆದ ಮಕ್ಕಳೂ ಪಡೆಯದ ಮಕ್ಕಳೂ ಒಂದೇ ರೀತಿ ಚೇತರಿಸಿಕೊಂಡರು. ಅದೇ ವರ್ಷ ವೈಜ್ಮನ್ ಸಂಸ್ಥೆಯವರು ಆಂಟಿಬಯಾಟಿಕ್ ಪಡೆದ 21 ಮಂದಿಯನ್ನು ಗಮನಿಸಿದರು. ಅಚ್ಚರಿಯೆಂದರೆ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರದೇ ಮೂಲ ಬಳಗ ಮರಳಿ ಬರುವುದು ತಡವಾಯಿತು. ಸುಮ್ಮನಿದ್ದವರಲ್ಲಿ ಬೇಗ ಬಂತು. ಹೊರಗಿನವರನ್ನು ಮನೆಯಲ್ಲಿ ತುಂಬಿಸಿದರೆ ಮನೆಯವರು ಹಿಂದಿರುಗಲು ಜಾಗವೆಲ್ಲಿ? ಸಣ್ಣ ಅಧ್ಯಯನ ಇದು, ಕೊನೆಯ ಮಾತಲ್ಲ. ಆದರೂ ‘ತೆಗೆದುಕೊಂಡರೆ ನಷ್ಟವೇನು’ ಎಂಬ ನಮ್ಮ ಸಾಮಾನ್ಯ ಸಮಾಧಾನವನ್ನು ಅದು ಪ್ರಶ್ನಿಸುತ್ತದೆ.

ನಮ್ಮ ಮೊಸರು, ನಮ್ಮ ಇಡ್ಲಿ

ಹಾಗಾದರೆ ಚಳಿಗಾಲದಲ್ಲಿ ಓವನ್ನಿನ ದೀಪ ಹಚ್ಚಿ, ಅದರೊಳಗೆ ಪಾತ್ರೆಯಿಟ್ಟು ನಾವು ಹಾಕುವ ಹೆಪ್ಪಿಗೆ ಬೆಲೆಯಿಲ್ಲವೆ? ಖಂಡಿತ ಇದೆ. ಅದನ್ನು ಸರಿಯಾದ ಹೆಸರಿನಿಂದ ಕರೆಯಬೇಕು ಅಷ್ಟೇ.

ಮನೆಯ ಮೊಸರಿನಲ್ಲಿ ಯಾವ ತಳಿಗಳು ಎಷ್ಟಿವೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹೆಪ್ಪು ಮನೆಯಿಂದ ಮನೆಗೆ ಬದಲಾಗುತ್ತದೆ. ಹಾಗಾಗಿ ಪರೀಕ್ಷೆಗೊಳಪಟ್ಟ ಔಷಧಿ ಎಂಬ ಅರ್ಥದಲ್ಲಿ ಅದನ್ನು ‘ಪ್ರೋಬಯಾಟಿಕ್’ ಎನ್ನಲಾಗದು. ಆದರೆ ಅದು ಪ್ರೋಟೀನು, ಕ್ಯಾಲ್ಸಿಯಂ ಇರುವ ಒಳ್ಳೆಯ ಆಹಾರ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಹಲವರಿಗೆ ಮೊಸರು ಒಗ್ಗುತ್ತದೆ. ಮೊಸರಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಜೊತೆಯಲ್ಲೇ ತರುತ್ತವೆ. ಪ್ರೋಬಯಾಟಿಕ್ ಎಂಬ ಹೆಸರಿನ ಬಹುತೇಕ ಹೇಳಿಕೆಗಳನ್ನು ತಿರಸ್ಕರಿಸಿದ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವೂ ಇದೊಂದನ್ನು 2010ರಲ್ಲಿ ಒಪ್ಪಿತು. ಗ್ರಾಂ ಒಂದಕ್ಕೆ ಕನಿಷ್ಠ ಹತ್ತು ಕೋಟಿ ಜೀವಂತ ಬ್ಯಾಕ್ಟೀರಿಯ ಇರಬೇಕು ಎಂಬುದು ಷರತ್ತು. ಮೆಚ್ನಿಕಾಫ್ ಅವರ ಬಲ್ಗೇರಿಕಸ್ ಕರುಳಿನಲ್ಲಿ ನೆಲೆಸಲಿಲ್ಲ, ಆಯುಷ್ಯ ಹೆಚ್ಚಿಸಿದ್ದಕ್ಕೆ ಪುರಾವೆಯಿಲ್ಲ. ಹಾದು ಹೋಗುವಾಗ ಹಾಲು ಅರಗಿಸಲು ನೆರವಾಗುತ್ತದೆ. ಅಷ್ಟು ಮಾತ್ರ ಸತ್ಯ.

ಇಡ್ಲಿಯ ಕಥೆ ಇನ್ನೂ ಸ್ವಾರಸ್ಯದ್ದು. ರುಬ್ಬಿಟ್ಟ ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯದಿಂದ ಎಂದು 1965ರಲ್ಲೇ ಪ್ರಕಟವಾದ ಸಂಶೋಧನೆ ತೋರಿಸಿತ್ತು. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ನಮ್ಮ ಹುದುಗು ಆಹಾರಗಳ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಾ ಬಂದಿದೆ. ಆದರೆ ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಜೀವಂತ ಬ್ಯಾಕ್ಟೀರಿಯ ಉಳಿಯುವುದಿಲ್ಲ. ಬೇಯುವ ಮೊದಲೇ ಅವು ತಮ್ಮ ಕೆಲಸ ಮುಗಿಸಿರುತ್ತವೆ. ಧಾನ್ಯದಲ್ಲಿ ಕಬ್ಬಿಣ, ಸತುವುಗಳನ್ನು ಹಿಡಿದಿಡುವ ಫೈಟೇಟ್ ಅಂಶವನ್ನು ಹುದುಗುವಿಕೆ ಕಡಿಮೆ ಮಾಡುತ್ತದೆ. ಜೀವಂತ ಬ್ಯಾಕ್ಟೀರಿಯ ಬೇಕಿದ್ದರೆ ಕುದಿಸಿದ ಮಜ್ಜಿಗೆ ಹುಳಿಯಲ್ಲ, ಬಟ್ಟಲಿನ ಮೊಸರು ಮಜ್ಜಿಗೆಯನ್ನೇ ನೋಡಬೇಕು.

ಅನಿವಾಸಿಗಳಾದ ನಮಗೆ ಮುಖ್ಯವೆನಿಸುವ ಇನ್ನೊಂದು ಅಧ್ಯಯನವಿದೆ. ಮಿನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ವಲಸೆ ಬಂದ ಮಾಂಗ್ ಮತ್ತು ಕರೆನ್ ಸಮುದಾಯದ ಮಹಿಳೆಯರ ಕರುಳಿನ ಬಳಗವನ್ನು ಪರಿಶೀಲಿಸಿ 2018ರಲ್ಲಿ ವರದಿ ಮಾಡಿದರು. ವಲಸೆ ಬಂದ ಕೆಲವೇ ತಿಂಗಳುಗಳಲ್ಲಿ ಬ್ಯಾಕ್ಟೀರಿಯಗಳ ವೈವಿಧ್ಯ ಕುಗ್ಗತೊಡಗಿತ್ತು. ಸಸ್ಯದ ನಾರನ್ನು ಒಡೆಯುವ ಸಾಮರ್ಥ್ಯ ಕಡಿಮೆಯಾಗಿತ್ತು. ಇಲ್ಲಿದ್ದ ವರ್ಷಗಳು ಹೆಚ್ಚಿದಂತೆ ನಷ್ಟವೂ ಹೆಚ್ಚಿತ್ತು, ಇಲ್ಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಹೆಚ್ಚು. ಅವರು ಕನ್ನಡಿಗರಲ್ಲ, ಅವರ ಬದುಕು ನಮ್ಮಂತೆಯೇ ಇರಲಿಲ್ಲ. ಆದರೂ ರಾಗಿ, ಹುರುಳಿ, ಸೊಪ್ಪಿನ ಪಲ್ಯ ತಿಂದು ಬೆಳೆದ ನಾವು ಪೆಟ್ಟಿಗೆಯ ಸೀರಿಯಲ್ ತಿನ್ನಿಸಿ ಮಕ್ಕಳನ್ನು ಬೆಳೆಸುವಾಗ ಇದನ್ನು ಯೋಚಿಸುವುದು ಒಳ್ಳೆಯದು.

ಇದಕ್ಕೆ ಅಂಗಡಿಯ ಗುಳಿಗೆಗಿಂತ ಅಡುಗೆಮನೆಯೇ ಹತ್ತಿರದ ದಾರಿ. ಬಳಗಕ್ಕೆ ಬೇಕಾದದ್ದು ನಾರು: ಕಾಳು, ಬೇಳೆ, ಸೊಪ್ಪು, ಸಿರಿಧಾನ್ಯ. ಹುದುಗು ಆಹಾರದ ಬಗ್ಗೆಯೂ ಭರವಸೆಯ ಸುದ್ದಿಯಿದೆ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ವಯಸ್ಕರಲ್ಲಿ ಒಂದು ಗುಂಪಿಗೆ ಹತ್ತು ವಾರ ಯೋಗರ್ಟ್, ಕೆಫಿರ್, ಕಿಮ್ಚಿಯಂತಹ ಹುದುಗು ಆಹಾರಗಳನ್ನು ಹೆಚ್ಚಾಗಿ ಕೊಟ್ಟಾಗ ಬ್ಯಾಕ್ಟೀರಿಯಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಸೂಚಕಗಳು ತಗ್ಗಿದವು.

ಡಬ್ಬಿ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ

ಅಮೆರಿಕದಲ್ಲಿ ಪೂರಕ ಆಹಾರವೆಂದು ಮಾರುವ ಪ್ರೋಬಯಾಟಿಕ್‌ಗಳಿಗೆ ಮಾರಾಟಕ್ಕೆ ಮುಂಚೆ ಔಷಧಿಗಳಂತೆ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಪರೀಕ್ಷಿಸುವ ಹೊಣೆ ಬಹುಮಟ್ಟಿಗೆ ನಮ್ಮ ಮೇಲೇ ಬೀಳುತ್ತದೆ. ಹಾಗಾಗಿ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಯಾವ ತಳಿ? ಲ್ಯಾಕ್ಟೊಬ್ಯಾಸಿಲಸ್ ಎಂಬ ಹೆಸರಿದ್ದರೆ ಸಾಲದು, ಅದರ ಮುಂದೆ ಜಾತಿಯ ಹೆಸರೂ ತಳಿಯ ಸಂಕೇತವೂ ಇರಬೇಕು. 2020ರಲ್ಲಿ ವಿಜ್ಞಾನಿಗಳು ಈ ಕುಲವನ್ನು 25 ಕುಲಗಳಾಗಿ ವಿಂಗಡಿಸಿದ್ದರಿಂದ ಹೊಸ ಹೆಸರುಗಳೂ ಕಾಣಬಹುದು.

2. ಯಾವುದಕ್ಕೆ? ‘ಒಟ್ಟಾರೆ ಆರೋಗ್ಯಕ್ಕೆ’ ಎಂಬುದು ಉತ್ತರವಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ, ಆಂಟಿಬಯಾಟಿಕ್ ತೆಗೆದುಕೊಳ್ಳುವವರಿಗೆ ಡಿಫಿಸಿಲ್ ಸೋಂಕು ತಡೆಯುವಂತಹ ಕೆಲವೇ ಸಂದರ್ಭಗಳಲ್ಲಿ, ಕೆಲವೇ ತಳಿಗಳನ್ನು ಷರತ್ತಿನೊಂದಿಗೆ ಸೂಚಿಸಿದೆ. ಮಕ್ಕಳ ಸಾಮಾನ್ಯ ವಾಂತಿ ಭೇದಿಗೆ ಬೇಡವೆಂದಿದೆ.

3. ಎಷ್ಟು, ಎಲ್ಲಿಯವರೆಗೆ ಜೀವಂತ? ತಯಾರಿಸಿದ ದಿನದ ಸಂಖ್ಯೆಯಲ್ಲ, ಬಳಕೆಯ ಕೊನೆಯ ದಿನದವರೆಗೆ ಎಷ್ಟು ಉಳಿದಿರುತ್ತವೆ ಎಂಬುದು ಮುಖ್ಯ. ದೊಡ್ಡ ಸಂಖ್ಯೆ ಇದ್ದ ಮಾತ್ರಕ್ಕೆ ಹೆಚ್ಚು ಪ್ರಯೋಜನವೆಂದಲ್ಲ.

4. ಯಾರಿಗೆ? ಅವಧಿಪೂರ್ವ ಶಿಶುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿಯಾದವರು, ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ಊರಿಂದ ಬಂದ ಹಿರಿಯರಿಗೆ ಭೇದಿ ಎರಡು ಮೂರು ದಿನ ಮುಂದುವರಿದರೆ, ಜ್ವರ ಅಥವಾ ರಕ್ತ ಕಂಡರೆ ಮೊದಲು ವೈದ್ಯರ ಬಳಿ ಹೋಗಬೇಕು. ಗುಳಿಗೆ ಕೊಟ್ಟು ಕಾಯುತ್ತಾ ಕೂರಬಾರದು.

ಈ ನಾಲ್ಕರಲ್ಲಿ ಒಂದನ್ನೂ ಮೆಚ್ನಿಕಾಫ್ ಅವರ ಕಾಲದ ಜನ ಕೇಳಲಿಲ್ಲ. ದೊಡ್ಡ ವಿಜ್ಞಾನಿ ಹೇಳಿದರೆಂದು ಅಂಗಡಿಗೆ ಓಡಿದರು. ರೆಟ್ಗರ್ ಅವರಿಂದ ಹಿಡಿದು ಒಡಿಶಾದ ಹಳ್ಳಿಗಳಲ್ಲಿ ಕೆಲಸ ಮಾಡಿದ ತಂಡದವರೆಗೆ, ಅವರ ನಂತರ ಬಂದ ವಿಜ್ಞಾನಿಗಳು ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಬಂದಿದ್ದಾರೆ. ಅದಕ್ಕೇ ಇಂದು ಒಂದು ನಿರ್ದಿಷ್ಟ ತಳಿ, ಒಂದು ನಿರ್ದಿಷ್ಟ ಶಿಶುವಿನ ಗುಂಪಿಗೆ, ಏಳು ದಿನದಲ್ಲಿ ಏನು ಮಾಡಬಲ್ಲದು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿದೆ. ಊಟದ ಕೊನೆಗೆ ಮೊಸರನ್ನ ಕಲಸಿಕೊಳ್ಳುವ ಅಭ್ಯಾಸವನ್ನು ನಾವು ಬಿಡಬೇಕಾಗಿಲ್ಲ. ಅದು ಊಟ, ಊಟವಾಗಿಯೇ ಒಳ್ಳೆಯದು. ಔಷಧಿ ಎಂದು ಹೇಳಿಕೊಂಡು ಬರುವ ಡಬ್ಬಿಗೆ ಮಾತ್ರ ಪುರಾವೆ ಕೇಳೋಣ.